ಕೊಲೆಗಾರರ ಕಾಲಂ

ಒಂದು ದೇಹದೊಳಗೆ ಎಷ್ಟು ಜನರಿದ್ದರೂ ಪ್ರತಿಯೊಬ್ಬರಿಗೂ ಸರ್ಕಾರ ಗುರುತಿನ ಚೀಟಿ ಕಡ್ಡಾಯ ಮಾಡಿತು. ನರ್ಸ್ ಇಂದುಮತಿ ತನ್ನೊಳಗಿನ ಇಬ್ಬರನ್ನೂ ನೋಂದಾಯಿಸಲು ಹೋದಳು. ಭಾಗೀರಥಿ ಎಲ್ಲರನ್ನೂ ಕಾಯುವ ಹಿರಿಯಳು, ಚಿನ್ನಿ ಆರು ವರ್ಷದ ಮಗು.

"ಇವರಲ್ಲಿ ಕೊಲೆ ಮಾಡೋರು ಯಾರು?" ಗುಮಾಸ್ತ ಕೇಳಿದ.

"ಯಾರೂ ಇಲ್ಲ ಸಾರ್."

"ಒಬ್ರು ಇರ್ಲೇಬೇಕಮ್ಮ, ಸಿನಿಮಾದಲ್ಲಿ ನೋಡಿಲ್ವಾ? ಆ ಕಾಲಂ ಖಾಲಿ ಬಿಟ್ರೆ ಅರ್ಜಿ ಹೋಗಲ್ಲ."

"ಚಿಕ್ಕವಳಿದ್ದಾಗ ನನ್ನನ್ನ ಹೀಗೆ ಚೂರು ಮಾಡಿದೋನು ನಮ್ಮ ಚಿಕ್ಕಪ್ಪ. ಅವನ ಹೆಸರು ಬರೀಲಾ?"

"ನಿಮ್ಮ ಚಿಕ್ಕಪ್ಪನೊಳಗೆ ಅವರೊಬ್ಬರೇ ತಾನೆ? ಅಂಥೋರಿಗೆ ಈ ಫಾರಂ ಇಲ್ಲ."

ಒಳಗೆ ಚಿನ್ನಿ ಹೆದರಿ ಅಳತೊಡಗಿದಳು. ಇಂದುಮತಿ ಆ ಕಾಲಂನಲ್ಲಿ ತನ್ನ ಹೆಸರನ್ನೇ ಬರೆದಳು.

ವಾರದೊಳಗೆ ಚೀಟಿಗಳು ಬಂದವು. ಭಾಗೀರಥಿಗೂ ಚಿನ್ನಿಗೂ ಆಸ್ಪತ್ರೆಯ ಎಲ್ಲೆಡೆ ಪ್ರವೇಶವಿತ್ತು. ಸೂಜಿ ಚುಚ್ಚಲು ಬಲ್ಲ ಇಂದುಮತಿ ಮಾತ್ರ ಇನ್ನು ರೋಗಿಗಳ ಹತ್ತಿರ ಸುಳಿಯುವಂತಿರಲಿಲ್ಲ.