ನಾಲ್ಕನೇ ಕಟ್ಟೆಯ ತಟ್ಟೆ

ಶೀತಲ ಬಂದೂಕು ಹೊಡೆದಳು. ತಟ್ಟೆ ಒಡೆಯಲಿಲ್ಲ, ಹಾಗೇ ತೇಲಿಕೊಂಡು ಹೋಗಿ ಹೊಲದಲ್ಲಿ ಬಿತ್ತು. ಬಸವಲಿಂಗ ತಲೆಯ ಮೇಲಿನ ಟೊಪ್ಪಿಗೆ ತೆಗೆದು ನೆಲಕ್ಕೆ ಬಡಿದ.

“ಮತ್ತ ಅದಽ ತಟ್ಟಿ. ಮುಂಜಾನಿಂದ ಹನ್ನೊಂದು ಸಲಾ ಆತು. ಉಳಿದದ್ದೆಲ್ಲಾ ಬಡಬಡ ಒಡೀತಿ, ಇದೊಂದನ್ನ ಉಳಿಸಿ ಬಿಡತೇನಿ ಅಂತ ಹರಕಿ ಹೊತ್ತೀಯೇನು?”

“ಗೊತ್ತಿಲ್ಲ ಕಾಕಾ.”

“ರವಿವಾರ ಬೆಂಗಳೂರಾಗ ಆಯ್ಕಿ ಐತಿ. ರಾಜ್ಯದ ತಂಡದಾಗ ಮೂರಽ ಮಂದಿಗೆ ಜಾಗಾ. ಸುತ್ತಿಗೊಂದು ತಟ್ಟಿ ಬಿಟಗೋತ ಹೋದ್ರ ಆರನೇದಾಕಿ ಆಗತಿ. ಆರನೇದಾಕಿಗೆ ಯಾರೂ ಚಹಾನೂ ಕೇಳಾಂಗಿಲ್ಲ.”

ಚಚಡಿ ಊರಿನ ಆಚೆ ತಮ್ಮದೇ ಹೊಲದಲ್ಲಿ, ಮಿಲಿಟರಿಯಿಂದ ನಿವೃತ್ತನಾಗಿ ಬಂದ ಮೇಲೆ, ಅಣ್ಣನ ಮಗಳಿಗಾಗಿ ಬಸವಲಿಂಗ ಕಚೇರಿ ಕಚೇರಿ ಅಲೆದು ಪರವಾನಗಿ ತಂದು ಮಾಡಿದ ಮೈದಾನ ಅದು. ಎಡಕ್ಕೊಂದು, ಬಲಕ್ಕೊಂದು ಗೂಡಿನಂಥ ಮನೆ. ಒಳಗಿನ ಯಂತ್ರ ಬಸಿಯಷ್ಟು ಅಗಲದ ಮಣ್ಣಿನ ತಟ್ಟೆಯನ್ನು ಗಾಳಿಗೆಸೆಯುತ್ತದೆ. ಎಂಟು ಕಟ್ಟೆಗಳ ಮೇಲೆ ಒಂದೊಂದಾಗಿ ನಿಂತು ಹಾರುವ ತಟ್ಟೆಯನ್ನು ಬಂದೂಕಿನಿಂದ ಒಡೆಯಬೇಕು. ನಾಲ್ಕನೇ ಕಟ್ಟೆಯಲ್ಲಿ ನಿಂತು ಎಡಮನೆಯ ತಟ್ಟೆ ಒಡೆಯುವುದು ಶೀತಲಳಿಗೆ ಎರಡು ವರ್ಷ ನೀರು ಕುಡಿದಷ್ಟು ಸಲೀಸಾಗಿತ್ತು. ಒಂದೂವರೆ ತಿಂಗಳಿಂದ ಅದೊಂದೇ ಒಡೆಯುತ್ತಿಲ್ಲ. ಬಸವಲಿಂಗ ಅವಳ ಕನ್ನಡಕ ಬದಲಿಸಿದ, ಕಾಡತೂಸು ಬದಲಿಸಿದ, ಬೈಲಹೊಂಗಲದ ಕಣ್ಣಿನ ಡಾಕ್ಟರಿಗೆ ತೋರಿಸಿದ. ಡಾಕ್ಟರು ಹುಡುಗಿಯ ಕಣ್ಣು ಚೆನ್ನಾಗಿವೆ, ನೀವು ಒಮ್ಮೆ ಬಿ.ಪಿ. ನೋಡಿಸಿಕೊಳ್ಳಿ ಎಂದರು.

“ಇನ್ನೊಂದು,” ಎಂದು ಅವನು ಯಂತ್ರದ ಗುಂಡಿ ಒತ್ತಿದ. ಈ ಸಲ ತಟ್ಟೆಯನ್ನು ನೋಡಲಿಲ್ಲ, ಅವಳ ಬಂದೂಕನ್ನೇ ನೋಡಿದ. ಕುದುರೆ ಎಳೆದು ಗುಂಡು ಹಾರಿಸಿದ ಮೇಲೂ ಬಂದೂಕು ತಟ್ಟೆಯ ಜೊತೆ ಓಡುತ್ತಲೇ ಇರಬೇಕು. ನಿಂತರೆ ಏಟು ಹಿಂದೆ ಬೀಳುತ್ತದೆ. ಶೀತಲಳ ಬಂದೂಕು ಎಡದಿಂದ ಚೆಂದವಾಗಿ ಓಡಿ ಬಂದು, ಯಾರೋ ಹಗ್ಗ ಜಗ್ಗಿದಂತೆ ಗಕ್ಕನೆ ನಿಂತಿತು. ಮತ್ತೊಂದು ಎಸೆದ. ಮತ್ತೆ ಅಲ್ಲೇ ನಿಂತಿತು. ಬಸವಲಿಂಗ ನಳಿಗೆಯ ನೇರಕ್ಕೆ ಕಣ್ಣು ಹಾಯಿಸಿದ. ದೂರದ ಬದುವಿನಲ್ಲಿ ಬೇವಿನ ಗಿಡ. ಅದರ ಬುಡದಲ್ಲಿ ಅವನ ಅಪ್ಪ ನಿಜಗುಣಪ್ಪನ ಸಮಾಧಿ. ಮಣ್ಣು ಮಾಡಿ ಒಂದೂವರೆ ತಿಂಗಳಾಗಿತ್ತು.

“ಬಂದೂಕು ಯಾಕ ನಿಂದರಸ್ತಿ?”

ಶೀತಲ ಖಾಲಿ ಕಾಡತೂಸು ಕಿತ್ತು ಕೆಳಗೆ ಹಾಕಿದಳು.

“ಬಾಯಿ ಬಿಡಬೇ.”

“ಅಲ್ಲೆ ಅಜ್ಜಾರ ಅದಾರ ಕಾಕಾ.”

“ಮುನ್ನೂರು ಮಾರು ದೂರ ಅದಾರ. ನಿನ್ನ ಸೀಸದ ಕಾಳು ಅರ್ಧಾ ದಾರೀನೂ ಮುಟ್ಟಾಂಗಿಲ್ಲ.”

“ಅದು ನನಗ ಗೊತ್ತೈತಿ. ಕೈಗೆ ಗೊತ್ತಿಲ್ಲ. ಮನಶಾರ ಕಡೆ ನಳಿಗಿ ತಿರಗಸಬಾರದು ಅಂತ ಅವರಽ ಕಲಿಸ್ಯಾರಲ್ಲ.”

ಬಸವಲಿಂಗನ ಬಾಯಿಯಲ್ಲಿ ಬೈಗುಳ ಸಿದ್ಧವಾಗಿತ್ತು. ಅದು ಅಲ್ಲೇ ಉಳಿಯಿತು. ಏಳು ವರ್ಷದವನಿದ್ದಾಗ ಜೋಳದ ದಂಟನ್ನು ಬಂದೂಕು ಮಾಡಿ, ಮನೆಗೆ ಬಂದ ಬೀಗರತ್ತ ಹಿಡಿದು ‘ಢಂ’ ಎಂದಿದ್ದಕ್ಕೆ ಅಪ್ಪ ಕೊಟ್ಟ ಏಟಿಗೆ ಅವನ ಕೆನ್ನೆ ಎರಡು ದಿನ ಬಾತಿತ್ತು. ಬೆಂಗಳೂರಿನಲ್ಲಿ ಅಪ್ಪನ ಸಮಾಧಿ ಇಲ್ಲ, ನಿಜ. ಆದರೆ ಕೈಗೆ ಬಿದ್ದ ರೂಢಿ ಹುಡುಗಿಯ ಜೊತೆಗೇ ಬಸ್ಸು ಹತ್ತುತ್ತದೆ. ಅವನು ಬಾಗಿ ಖಾಲಿ ಕಾಡತೂಸುಗಳನ್ನು ಆರಿಸತೊಡಗಿದ.

ಅಷ್ಟರಲ್ಲಿ ಅವನ ತಾಯಿ ಸುಂದರವ್ವ ಬುತ್ತಿ ಹೊತ್ತು ಬಂದಳು. ಇಬ್ಬರ ಮುಖ ನೋಡಿ ವಿಷಯ ಕೇಳಿದಳು. ಕೇಳಿ, ಬುತ್ತಿ ಇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

“ಭಾಳ ಶಾಣ್ಯಾರದೀರಿ ಇಬ್ಬರೂ. ಬಸು, ನಿಮ್ಮಪ್ಪಾರನ್ನ ಕುಣ್ಯಾಗ ಹ್ಯಾಂಗ ಕುಂಡ್ರಿಸಿದಿರಿ?”

“ಪದ್ಧತಿ ಪ್ರಕಾರ. ಉತ್ತರಕ್ಕ ಮಾರಿ ಮಾಡಿ.”

“ಅಂದ್ರ ನಮ್ಮ ಕಡೆ ಬೆನ್ನು. ಈಕಿ ನಳಿಗಿ ತಿರಗಿಸಿದ್ದು ಅವರಿಗೆಲ್ಲಿ ಕಾಣಬೇಕು? ಸಪ್ಪಳ ಅಷ್ಟಽ ಕೇಳತೈತಿ. ಒಂದೂವರಿ ತಿಂಗಳಿಂದ ಢಂ ಢಂ ಅನಸಾಕತ್ತೀರಿ, ಒಡೀತೋ ಇಲ್ಲೋ ಅಂತ ಒಬ್ಬರರೆ ಹೇಳೀರೇನು? ಆ ಸಿಟ್ಟಿನ ಮನಶಾ ಒಳಗ ಕುಂತು ಎಷ್ಟು ಚಡಪಡಸಾಕತ್ತಿರಬೇಕು.”

ಶೀತಲಳಿಗೆ ನಗು ಬಂತು. ತಡೆಯಲು ಹೋಗಿ ಮೂಗಿನಿಂದ ಬಂತು. ಬಸವಲಿಂಗ ಮುಖ ಆಚೆ ತಿರುಗಿಸಿಕೊಂಡ.

“ಅವ್ವಾ, ಬೆನ್ನಿನ ಕಡೆ ಹೊಡಿಯೂದು ಮಿಲಿಟ್ರ್ಯಾಗ ನಾಚಿಗಿಗೇಡು.”

“ನಿನ್ನ ಮಿಲಿಟ್ರಿ ಅತ್ಲಾಗಿರಲಿ. ಗುಂಡಿ ಒತ್ತು.”

ಶೀತಲ ಕಟ್ಟೆ ಹತ್ತಿದಳು. ಬೇವಿನ ಗಿಡದ ಕಡೆ ನೋಡಿ, ತುಟಿಯಲ್ಲೇ ಏನೋ ಅಂದುಕೊಂಡಳು. ತಟ್ಟೆ ಬಿಡಲು “ಪುಲ್” ಎಂದಳು. ಎಡಮನೆಯಿಂದ ತಟ್ಟೆ ಹಾರಿತು, ಬಂದೂಕು ಅದರ ಬೆನ್ನು ಹತ್ತಿತು, ಆಕಾಶದಲ್ಲಿ ಕರಿ ಪುಡಿಯ ಒಂದು ಮುದ್ದೆ ಎದ್ದಿತು. ಬಂದೂಕು ನಿಲ್ಲಲಿಲ್ಲ. ಬೇವಿನ ಗಿಡ ದಾಟಿ, ಬದು ದಾಟಿ, ಪಕ್ಕದ ಹೊಲದ ಮೇಲಿನ ಆಕಾಶದವರೆಗೂ ಹೋಗಿ ನಿಂತಿತು.

ಸುಂದರವ್ವ ಎದ್ದು ನಿಂತು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಉತ್ತರಕ್ಕೆ ಕೂಗಿದಳು: “ಒಡೀತ್ರೀ.”

ಹತ್ತು ತಟ್ಟೆ ಎಸೆದರು. ಒಂಬತ್ತು ಒಡೆದವು. ಒಂಬತ್ತು ಸಲವೂ ಸುಂದರವ್ವ ಕೂಗಿದಳು. ಕೊನೆಕೊನೆಗೆ ಗಂಟಲು ಕಟ್ಟಿತು. ಅದನ್ನು ಕೇಳಿ ಶೀತಲ ನಗುತ್ತಲೇ ಹೊಡೆದದ್ದರಿಂದ ಹತ್ತನೆಯದು ತಪ್ಪಿತು. ಸುಂದರವ್ವ ಸದ್ದಿಲ್ಲದೆ ಕುಳಿತು ಬುತ್ತಿ ಬಿಚ್ಚತೊಡಗಿದಳು.

“ಇದನ್ನೂ ಹೇಳು ಅವ್ವಾ. ಒಡದದ್ದು ಅಷ್ಟಽ ಹೇಳಿದ್ರ ಹ್ಯಾಂಗ?”

“ಇದನ್ನ ನೀ ಹೇಳು. ಬೈಸಿಕೊಂಡು ರೂಢಿ ಇದ್ದಾಂವ ನೀನಽ.”

ಬಸವಲಿಂಗ ಗಂಟಲು ಸರಿಮಾಡಿಕೊಂಡ. ಹಿಮ್ಮಡಿ ಜೋಡಿಸಿ, ಎದೆ ಸೆಟೆಸಿ, ಬೇವಿನ ಗಿಡದತ್ತ ಮುಖ ಮಾಡಿ ಕೂಗಿದ:

“ಅಪ್ಪಾ, ಇದೊಂದು ತಪ್ಪೇತ್ರಿ.”