ಗುಂಡೇಟಿನ ನಡಿಗೆ

ತಂಗಿ ಬೇಕೆಂದೇ ಮತ್ತೊಮ್ಮೆ ತಪ್ಪು ಹೆಜ್ಜೆ ಹಾಕಿದಳು. ಪರದೆಯ ಮೇಲೆ, ತೊಡೆಗೆ ಗುಂಡು ತಗುಲಿದ ಕುದುರೆ ಸವಾರನೊಬ್ಬ ಧೂಳಿನ ಬೀದಿಯಲ್ಲಿ ಕಾಲೆಳೆಯುತ್ತ, ತನ್ನ ಅಪ್ಪನನ್ನು ಕೊಂದವನ ಮನೆಯತ್ತ ನಡೆಯುತ್ತಿದ್ದ. ಕೆಳಗೆ ಮರಳಿನ ತೊಟ್ಟಿಯಲ್ಲಿ, ದೊಡ್ಡ ಬೂಟು ತೊಟ್ಟ ಅವಳ ಹೆಜ್ಜೆಗಳು ಮಾತ್ರ ನೆಂಟರ ಮನೆಗೆ ಹೊರಟವನ ಹೆಜ್ಜೆಗಳಂತೆ ಕೇಳುತ್ತಿದ್ದವು.

ಹಳೆಯ ಚಿತ್ರ. ಅದರ ಸದ್ದೆಲ್ಲ ಹಾಳಾಗಿದ್ದರಿಂದ, ಡಬ್ಬಿಂಗ್ ಜೊತೆಗೆ ಗೊರಸು, ಗುಂಡು, ಹೆಜ್ಜೆಗಳನ್ನೂ ಈ ಸ್ಟುಡಿಯೋದಲ್ಲೇ ಹೊಸದಾಗಿ ಹುಟ್ಟಿಸಬೇಕಿತ್ತು. ಆ ಕೆಲಸ ಮೊದಲು ಅವಳ ಅಣ್ಣನದು. ಇದೇ ಸ್ಟುಡಿಯೋದಲ್ಲಿ ಮೈಕು ಕಟ್ಟಲು ಹೋಗಿ ಏಣಿಯಿಂದ ಬಿದ್ದು ಅವನ ಕಾಲು ಊನವಾದಾಗ, ಕುಂಟನ ಹೆಜ್ಜೆ ಯಾವ ಹೀರೋಗೆ ಹೊಂದುತ್ತದೆ ಎಂದು ನಕ್ಕು ಯಜಮಾನ ಅವನನ್ನು ಮನೆಗೆ ಕಳಿಸಿದ್ದ. ಅಣ್ಣ ಕಲಿಸಿದ ವಿದ್ಯೆಯಿಂದ ತಂಗಿ ಒಳಗೆ ಉಳಿದಳು. ಅಂದಿನಿಂದ ಅವಳಿಗೆ ಉಂಡದ್ದು ಮೈಗೆ ಹತ್ತಿರಲಿಲ್ಲ.

ಕುಂಟು ನಡಿಗೆ ಅವಳಿಗೆ ಬಾರದ್ದೇನಲ್ಲ. ಮನೆಯಲ್ಲಿ ದಿನವೂ ಕೇಳುವ ನಡಿಗೆ. ಕಣ್ಣು ಮುಚ್ಚಿಕೊಂಡು ಹಾಕಬಲ್ಲಳು. ಆದರೆ ಈ ದೃಶ್ಯ ಇಂದೇ ಮುಗಿಯದಿದ್ದರೆ ಬಿಡುಗಡೆ ನಿಂತುಹೋಗುತ್ತದೆಂದು ಗೊತ್ತಾದ ಗಳಿಗೆಯಲ್ಲೇ ತೀರ್ಮಾನಿಸಿಬಿಟ್ಟಿದ್ದಳು: ಯಜಮಾನ ತಾನಾಗಿ ಬಾಯಿಬಿಟ್ಟು ಅಣ್ಣನನ್ನು ಕರೆಯಬೇಕು. ಕರೆಯದೆ ತನ್ನನ್ನೂ ಹೊರಗಟ್ಟಿದರೆ ಮನೆಯಲ್ಲಿ ದುಡಿಯುವವರೇ ಇಲ್ಲ. ಆದದ್ದಾಗಲಿ ಎಂದು ಮತ್ತೆ ತಪ್ಪು ಹೆಜ್ಜೆ ಹಾಕಿದಳು.

ಯಜಮಾನ ರೆಕಾರ್ಡಿಂಗ್ ಮಾಡುವ ಗಾಜಿನ ಕೋಣೆಯಿಂದ ಎದ್ದು ಬಂದ. "ಏನಾಗಿದೆ ನಿಂಗೆ ಇವತ್ತು? ಬೇರೆ ಯಾರನ್ನಾದ್ರೂ ಕರೆಸ್ಲಾ?"

"ಕರೆಸಿ. ಈ ನಡಿಗೆ ಗೊತ್ತಿರೋನು ನಮ್ಮಣ್ಣ ಒಬ್ಬನೇ. ಆದ್ರೆ ನಾನು ಕರೆದ್ರೆ ಬರಲ್ಲ, ನೀವೇ ಕರೀಬೇಕು."

ಯಜಮಾನನ ಮುಖ ಹುಳ್ಳಗಾಯಿತು. ಗಡಿಯಾರ ನೋಡಿದ, ಅವಳ ಬೂಟು ನೋಡಿದ, ಕೊನೆಗೆ ಫೋನೆತ್ತಿಕೊಂಡ. ಒಂದು ಕಾಲದಲ್ಲಿ 'ಬಾರೋ' ಎನ್ನುತ್ತಿದ್ದ ಬಾಯಿ 'ದಯವಿಟ್ಟು ಬನ್ನಿ' ಎಂದದ್ದನ್ನು ಅವಳು ಕಿವಿಯಾರೆ ಕೇಳಿದಳು.

ಅಣ್ಣ ಬಂದ. ಬಂದವನೇ ರೆಕಾರ್ಡಾಗಿದ್ದ ತಂಗಿಯ ಹೆಜ್ಜೆಗಳನ್ನು ಹಾಕಿಸಿ ಕೇಳಿದ. ನಾಲ್ಕು ಹೆಜ್ಜೆ ಮುಗಿಯುವಷ್ಟರಲ್ಲಿ ಅವನಿಗೆ ಎಲ್ಲ ಅರ್ಥವಾಯಿತು. ಇಂಥ ತಪ್ಪನ್ನು ಅವಳು ಕಲಿಯುವಾಗಲೂ ಮಾಡಿದವಳಲ್ಲ. ಕೆಲಸ ಕೆಡಿಸಿದ್ದಕ್ಕೆ ಗದರುತ್ತಾನೆಂದು ಅವಳು ತಲೆ ತಗ್ಗಿಸಿದಳು. ಅವನು ಆ ತಲೆಗೇ ಒಂದು ಮೊಟಕಿ, ಬೂಟು ಬಿಚ್ಚಿಕೊಡು ಎಂದ.

ಅಣ್ಣ ಮರಳಿನಲ್ಲಿ ಒಂದು ಕಾಲು ಊರಿದ, ಇನ್ನೊಂದನ್ನು ಎಳೆದ. ಪರದೆಯ ಮೇಲಿನವನಿಗೆ ಈಗ ನಿಜವಾಗಿಯೂ ನೋವಾಗತೊಡಗಿತು. ನೋವಿದ್ದರೂ ಅವನು ನಿಲ್ಲುವವನಲ್ಲ ಎಂಬುದೂ ಕೇಳಿಸಿತು. ದೃಶ್ಯ ಒಂದೇ ಸಲಕ್ಕೆ ಮುಗಿಯಿತು. ತಂಗಿಯ ಎದೆ ಉಬ್ಬಿತು. ಇವನು ನನ್ನಣ್ಣ ಎಂದು ಬೀದಿಯಲ್ಲಿ ನಿಂತು ಸಾರಬೇಕೆನಿಸಿತು.

ಯಜಮಾನ ಓಡಿಬಂದು ಅಣ್ಣನ ಕೈ ಹಿಡಿದುಕೊಂಡ. ಆದದ್ದೆಲ್ಲ ಮರೆತುಬಿಡೋಣ, ನಾಳೆಯಿಂದಲೇ ಕೆಲಸಕ್ಕೆ ಬಂದುಬಿಡಿ ಎಂದ.

ಅಣ್ಣ ಕೈ ಬಿಡಿಸಿಕೊಂಡು, ಬೂಟಿನೊಳಗಿನ ಮರಳು ಕೊಡವಿದ. "ನನ್ನನ್ಯಾಕೆ ಕೇಳ್ತೀರಿ? ಇಲ್ಲಿ ಯಾರು ನಡೀಬೇಕು ಅನ್ನೋದು ನನ್ನ ತಂಗಿ ಕೈಲಿದೆ. ಅವಳನ್ನ ಕೇಳಿ."

ಯಜಮಾನ ಅವಳತ್ತ ತಿರುಗಿದ. ಅವಳು ಸ್ಟೂಲು ಎಳೆದುಕೊಂಡು, ಮರಳು ಮೆತ್ತಿದ ಬರಿಗಾಲನ್ನು ಇನ್ನೊಂದು ಕಾಲ ಮೇಲೆ ಹಾಕಿ ಕುಳಿತು, "ಹೂಂ, ಕೇಳಿ" ಎಂದಳು.