ಮುಟ್ಟದ ಡಬ್ಬಿ

ಇವತ್ತು ಮಗನನ್ನು ಶಾಲೆ ಬಿಡಿಸಿ ಕರೆದುಕೊಂಡೇ ಹೋಗುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಶ್ರೀರಕ್ಷಾ ಕೊಪ್ಪದ ಆ ಶಿಶುವಿಹಾರಕ್ಕೆ ಬಂದಾಗ ಮಕ್ಕಳೆಲ್ಲ ಚಾಪೆಯ ಮೇಲೆ ಊಟಕ್ಕೆ ಕೂತಿದ್ದರು. ಸುತ್ತಲಿನ ಚಿಳ್ಳೆಪಿಳ್ಳೆಗಳ ಬಾಯಿ ಆಡುತ್ತಿತ್ತು. ಅವಳ ಈಶಾನ ಮಾತ್ರ ಡಬ್ಬಿಯ ಮುಚ್ಚಳ ತೆಗೆದಿಟ್ಟು ಕೈಕಟ್ಟಿ ಕೂತಿದ್ದ.

ಶಾಲೆಗೆ ಸೇರಿದಾಗಿನಿಂದ ಇದೇ ಗೋಳು. ಮನೆಯಲ್ಲಿ ಮತ್ತೆ ಮತ್ತೆ ಹಾಕಿಸಿಕೊಂಡು ಉಣ್ಣುವ ಮಾಣಿಯ ಡಬ್ಬಿ ಶಾಲೆಯಿಂದ ತುಂಬಿಕೊಂಡೇ ಮರಳುತ್ತಿತ್ತು. ಹುಡುಗ ಸೊರಗಿ ಕಡ್ಡಿಯಾಗಿದ್ದ. ತನ್ನ ಅಡುಗೆಯದ್ದೇ ತಪ್ಪೆಂದುಕೊಂಡ ತಾಯಿ ಮೊಬೈಲಿನಲ್ಲಿ ನೋಡಿದ್ದೆಲ್ಲ ಮಾಡಿದಳು. ರಾಗಿ ದೋಸೆಯನ್ನು ಚಂದಮಾಮನ ಹಾಗೆ ಕತ್ತರಿಸಿದಳು, ಬೀಟ್‌ರೂಟ್ ಹಾಕಿ ಚಪಾತಿಗೆ ಬಣ್ಣ ಬರಿಸಿದಳು, ಹೆಸರುಬೇಳೆಯ ಪುಟ್ಟ ಇಡ್ಲಿಗೆ ಒಣದ್ರಾಕ್ಷಿಯ ಕಣ್ಣಿಟ್ಟಳು. ಇನ್ನು ಇಡ್ಲಿಗೆ ಅಂಗಿ ಹೊಲಿಸುವುದೊಂದು ಬಾಕಿ. ಬೇರೆ ಎಂತ ಬೇಕು ಹೇಳು ಎಂದರೆ, 'ಇದೇ ಸಾಕು' ಎನ್ನುತ್ತಿದ್ದ. ಡಬ್ಬಿ ಮಾತ್ರ ಹೋದ ಹಾಗೇ ಬರುತ್ತಿತ್ತು.

"ಬನ್ನಿ ಮೇಡಂ," ಟೀಚರ್ ಭವ್ಯ ಎದ್ದು ಬಂದಳು. "ನಾನೂ ತುತ್ತು ಮಾಡಿ ಕೊಟ್ಟು ನೋಡ್ದೆ. ಬಾಯೇ ಬಿಡಲ್ಲ ಮಾರಾಯ್ರೆ. ಹಠ ಇಲ್ಲ, ಅಳು ಇಲ್ಲ. ಸುಮ್ನೆ ನನ್ ಮುಖ ನೋಡ್ತಾ ಕೂರ್ತಾನೆ."

ಶ್ರೀರಕ್ಷಾ ಮಗನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಆಗ ಕಂಡಿತು. ಅವನು ಇಡ್ಲಿಯನ್ನೇ ನೋಡುತ್ತ ಎಂಜಲು ನುಂಗುತ್ತಿದ್ದ.

"ಹಸಿವು ಆಗ್ತಾ ಇಲ್ವಾ ಮಾಣಿ?"

"ಆಗ್ತಿದೆ."

"ಮತ್ತೆ ಎಂತಕ್ಕೆ ತಿನ್ನಲ್ಲ?"

"ಮಿಸ್ಸು ಇನ್ನೂ ಹೇಳ್ಲಿಲ್ಲ."

"ಅಯ್ಯೋ, ತಿನ್ನು ತಿನ್ನು ಅಂತ ದಿನಾ ಹೇಳ್ತೀನಲ್ಲ ಪುಟ್ಟಾ!" ಎಂದಳು ಭವ್ಯ.

"ಅದಲ್ಲ." ಈಶಾನ ತಲೆ ಅಲ್ಲಾಡಿಸಿದ. "ಅಜ್ಜ ಎಲ್ಲರಿಗೂ ಹೇಳ್ತಾರಲ್ಲ, ಅದು. ಸಾವಕಾಶ ಊಟ ಮಾಡಿ ಅಂತ."

ಶ್ರೀರಕ್ಷಾ ತಲೆಯ ಮೇಲೆ ಕೈಯಿಟ್ಟುಕೊಂಡಳು. ಅವರ ಮನೆಯ ಕ್ರಮವೇ ಹಾಗೆ. ಕೂತವರಿಗೆಲ್ಲ ಬಡಿಸಿ ಆಗಬೇಕು, ಮಾವ ಹರಿಹರ ಭಟ್ಟರು ಸಾಲನ್ನೊಮ್ಮೆ ನೋಡಿ 'ಸಾವಕಾಶ ಊಟ ಮಾಡಿ' ಎನ್ನಬೇಕು. ಅಲ್ಲಿಯವರೆಗೆ ಯಾರ ಕೈಯೂ ಅನ್ನಕ್ಕೆ ಇಳಿಯುವುದಿಲ್ಲ. ಮಗುವಿಗೆ ಅದನ್ನು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ, ನೋಡಿಯೇ ಕಲಿತಿದ್ದ. ಪಾಪದ್ದು, ಹಸಿದ ಹೊಟ್ಟೆಯಲ್ಲಿ ದಿನವೂ ಆ ಒಂದು ಮಾತಿಗೆ ಕಾದಿದೆ. ನಾನಾದರೋ ಇಡ್ಲಿಗೆ ಕಣ್ಣಿಡುತ್ತ ಕೂತಿದ್ದೆ!

ಭವ್ಯ ನಗಬಹುದಿತ್ತು. ನಗಲಿಲ್ಲ. ಮಕ್ಕಳ ಸಾಲಿನ ಮುಂದೆ ಹೋಗಿ ನಿಂತು, ಮದುವೆಮನೆಯ ಯಜಮಾನರ ಹಾಗೆ ಕೈಮುಗಿದು, "ಎಲ್ಲರೂ ಸಾವಕಾಶ ಊಟ ಮಾಡಿ," ಎಂದಳು. ಅರ್ಧ ತಿಂದು ಮುಗಿಸಿದ್ದ ಮಕ್ಕಳು ಬೆಪ್ಪಾಗಿ ಅವಳನ್ನು ನೋಡಿದವು. ಈಶಾನನ ಕೈ ಆಗಲೇ ಡಬ್ಬಿಯೊಳಗಿತ್ತು.

ಮಗ ಗಬಗಬನೆ ತಿನ್ನುವುದನ್ನು ನೋಡಿ ಶ್ರೀರಕ್ಷಾಳ ಕಣ್ಣು ತುಂಬಿತು. ಶಾಲೆ ಬಿಡಿಸುವ ಮಾತು ಎಲ್ಲಿ ಹೋಯಿತೋ. "ನಿಮ್ಮ ಉಪಕಾರ ಹ್ಯಾಗೆ ತೀರಿಸ್ಲಿ ಟೀಚರೇ?"

"ಒಂದು ಮಾತಿಗೆ ಎಂತ ಉಪಕಾರ ಮೇಡಂ? ನಾಳೆಯಿಂದ ದಿನಾ ಹೇಳ್ತೀನಿ. ಉಳಿದವಕ್ಕೂ ಸ್ವಲ್ಪ ಕಾಯೋದು ಗೊತ್ತಾಗ್ಲಿ."

ಈಶಾನ ಬಾಯಲ್ಲಿ ಇಡ್ಲಿ ಇಟ್ಟುಕೊಂಡೇ ತಾಯಿಯ ಕಡೆ ತಿರುಗಿದ. "ಅಮ್ಮಾ, ನೀನು ಉಣ್ಣುವಾಗ ಅಜ್ಜ ಮಲಗಿರ್ತಾರಲ್ಲ. ನಿಂಗೆ ಯಾರು ಹೇಳ್ತಾರೆ?"

ಶ್ರೀರಕ್ಷಾ ಅವನ ಬಾಯಿ ಒರೆಸಿದಳು. ಇವತ್ತಿನ ಗಡಿಬಿಡಿಯಲ್ಲಿ ಬೆಳಗಿನಿಂದ ಅವಳ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

ಭವ್ಯ ಚೀಲದಿಂದ ತನ್ನ ಬುತ್ತಿ ತೆಗೆದಳು. ಒಂದು ಅಕ್ಕಿರೊಟ್ಟಿಯನ್ನು ಮುರಿದು, ಅರ್ಧವನ್ನು ಮುಚ್ಚಳದ ಮೇಲೆ ಹಾಕಿ, ಚಟ್ನಿ ಬಡಿಸಿ, ಈಶಾನನ ಪಕ್ಕ ಚಾಪೆಯ ಮೇಲಿಟ್ಟಳು.

"ಕೂತ್ಕೊಳ್ಳಿ ಅಕ್ಕ. ಸಾವಕಾಶ ಊಟ ಮಾಡಿ."